ಕಲ್ಲಿನ ಗೋಡೆಗೆ ಆ್ಯಸಿಡ್ ಹಾಕಿದರೆ ಹೊಸದಾಗುತ್ತದೆಯೇ? ನೊರೆಯಾಗಿ ಹೋಗುವುದು ಕೊಳೆಯೋ, ಕಲ್ಲೋ?

ಇಂಥದ್ದೊಂದು ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮಳೆಗೆ ಕಪ್ಪಾದ ಕಲ್ಲಿನ ಕಾಂಪೌಂಡ್ ಗೋಡೆ. ಅದರ ಮೇಲೆ ಒಬ್ಬರು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ಬುಸ್ಸೆಂದು ನೊರೆ ಏಳುತ್ತದೆ. ಪೈಪಿನಲ್ಲಿ ನೀರು ಹೊಡೆದ ಮೇಲೆ ಗೋಡೆ ಬೆಳ್ಳಗೆ ಕಾಣುತ್ತದೆ. ‘ನೊರೆ ನೋಡಿ, ಎಷ್ಟು ಕೊಳೆ ಹೊರಗೆ ಬರ್ತಾ ಇದೆ! ಎಲ್ಲರಿಗೂ ಕಳಿಸಿ’ ಎಂಬ ಸಾಲು ಜೊತೆಗಿರುತ್ತದೆ.

ಇದು ನಿಜವೇ? ಗೋಡೆ ಬೆಳ್ಳಗಾಗುವುದು ನಿಜ. ಆದರೆ ನೊರೆಗೆ ಅಲ್ಲಿ ಕೊಡುವ ಕಾರಣ ತಪ್ಪು. ಮತ್ತೆ ಸರಿಪಡಿಸಲಾಗದ ಹಾನಿ ಆಗುವುದು ಆ ನೊರೆ ಏಳುವ ಹೊತ್ತಿನಲ್ಲೇ. ಹಾಗಾದರೆ ಕಲ್ಲಿನ ಹೊರಗೋಡೆಯನ್ನು ಹೇಗೆ ತೊಳೆಯಬೇಕು? ಒಂದೊಂದಾಗಿ ನೋಡೋಣ.

ನೊರೆ ಎಲ್ಲಿಂದ ಬರುತ್ತದೆ?

ಟಾಯ್ಲೆಟ್ ತೊಳೆಯಲು ಬಳಸುವ ಆ್ಯಸಿಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಶಹಾಬಾದ್ ಕಲ್ಲು, ಕಡಪ ಕಲ್ಲು ಇವೆಲ್ಲ ಸುಣ್ಣದ ಕಲ್ಲುಗಳು. ಅಮೃತಶಿಲೆಯೂ ಅದೇ ಜಾತಿಯದು. ಇವುಗಳಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೋನೇಟ್. ಆಮ್ಲ ಇದಕ್ಕೆ ತಾಗಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಡುತ್ತದೆ. ನಮಗೆ ನೊರೆಯಾಗಿ ಕಾಣುವುದು ಈ ಅನಿಲದ ಗುಳ್ಳೆಗಳು. ಅಂದರೆ ಕರಗುತ್ತಿರುವುದು ಕಲ್ಲು. ಮೇಲ್ಪದರ ಕರಗುವಾಗ ಅದಕ್ಕೆ ಅಂಟಿದ್ದ ಕೊಳೆಯೂ ಜಾರಿಹೋಗುತ್ತದೆ, ಅಷ್ಟೇ.

ಮೇಲ್ಪದರ ಹೋದ ಕಲ್ಲು ಮೊದಲಿಗಿಂತ ಒರಟಾಗುತ್ತದೆ. ಒರಟು ಮೈಯಲ್ಲಿ ನೀರು, ಧೂಳು ಹೆಚ್ಚು ನಿಲ್ಲುತ್ತವೆ, ಪಾಚಿ ಬೇಗ ಹಿಡಿಯುತ್ತದೆ. ಹೀಗಾಗಿ ಆ್ಯಸಿಡ್ ಹಾಕಿದ ಗೋಡೆ ಮುಂದಿನ ಮಳೆಗಾಲಗಳಲ್ಲಿ ಇನ್ನೂ ಬೇಗ ಕಪ್ಪಾಗಬಹುದು.

‘ನಮ್ಮದು ಗ್ರಾನೈಟ್, ಅದಕ್ಕೇನೂ ಆಗಲ್ಲ’ ಎನ್ನುವವರೂ ಇದ್ದಾರೆ. ಗ್ರಾನೈಟ್ ನೊರೆ ಬರುವಂತೆ ಕರಗುವುದಿಲ್ಲ ಎನ್ನುವುದು ಸರಿ. ಆದರೆ ಅದರಲ್ಲಿರುವ ಕಬ್ಬಿಣದ ಅಂಶದ ಖನಿಜಗಳು ಆಮ್ಲ ತಾಗಿ ಹಳದಿ, ತುಕ್ಕು ಬಣ್ಣದ ಕಲೆ ಬಿಡಬಹುದು. ಅದಕ್ಕಿಂತ ಮುಖ್ಯವಾಗಿ, ಕಲ್ಲುಗಳ ನಡುವೆ ಸಿಮೆಂಟ್ ಇರಲಿ, ಹಳೆಯ ಸುಣ್ಣದ ಗಾರೆ ಇರಲಿ, ಎರಡನ್ನೂ ಆಮ್ಲ ತಿನ್ನುತ್ತದೆ. ಕಲ್ಲು ಉಳಿದರೂ ಸಂದು ಸಡಿಲವಾಗುತ್ತದೆ.

ಮೊದಲು ಕಲ್ಲು ಯಾವುದೆಂದು ತಿಳಿಯಿರಿ

ಎಲ್ಲ ಕಲ್ಲಿಗೂ ಒಂದೇ ಮದ್ದು ಇಲ್ಲ. ನಮ್ಮಲ್ಲಿ ಹೆಚ್ಚು ಕಾಣುವ ಕಲ್ಲುಗಳು ಇವು:

• ಗ್ರಾನೈಟ್, ಸೈಜುಗಲ್ಲು: ಗಟ್ಟಿ, ನೀರು ಕುಡಿಯುವುದು ಕಡಿಮೆ. ವಿಧಾನಸೌಧದ ಗೋಡೆಗಳು ಗ್ರಾನೈಟ್‌ನವು.
• ಶಹಾಬಾದ್, ಕಡಪ ಕಲ್ಲು: ಸುಣ್ಣದ ಕಲ್ಲು. ಆಮ್ಲ ಇದಕ್ಕೆ ವಿಷ.
• ಮುರಕಲ್ಲು, ಅಂದರೆ ಜಂಬಿಟ್ಟಿಗೆ: ಕರಾವಳಿ, ಮಲೆನಾಡಿನ ಕೆಂಪು ಕಲ್ಲು. ಅಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಮೈತುಂಬ ತೂತು, ನೀರು ಬೇಗ ಹೀರುತ್ತದೆ.
• ಮರಳುಗಲ್ಲು: ಬಾದಾಮಿ, ಪಟ್ಟದಕಲ್ಲಿನ ಕಲ್ಲು. ಕಣಗಳು ಉದುರುವ ಸ್ವಭಾವ.
• ಬಳಪದ ಕಲ್ಲು: ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲು. ಕೆತ್ತಲು ಸುಲಭ, ಗೀಚುವುದೂ ಅಷ್ಟೇ ಸುಲಭ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಒಂದು, ಗೋಡೆಯ ಮೇಲೆ ಕೆಲವು ಹನಿ ನೀರು ಹಾಕಿ. ಕೂಡಲೇ ಹೀರಿಕೊಂಡರೆ ಅದು ರಂಧ್ರಗಳಿರುವ ಕಲ್ಲು, ಹಾಕಿದ ಯಾವ ದ್ರಾವಣವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಎರಡು, ಅದೇ ಜಾತಿಯ ಬಿದ್ದ ಚೂರೊಂದನ್ನು ತಂದು ಒಂದು ಹನಿ ನಿಂಬೆರಸ ಹಾಕಿ. ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ಆ್ಯಸಿಡ್ ಮಾತ್ರವಲ್ಲ, ವಿನೆಗರ್, ನಿಂಬೆಹಣ್ಣನ್ನೂ ಆ ಗೋಡೆಯ ಹತ್ತಿರ ತರಬೇಡಿ.

ಆಮೇಲೆ ಕೊಳೆ ಯಾವುದೆಂದು ನೋಡಿ

ಧೂಳು ಮತ್ತು ಹೊಗೆ: ರಸ್ತೆ ಪಕ್ಕದ ಗೋಡೆಗಳಲ್ಲಿ ಸಾಮಾನ್ಯ. ನೀರು ಮತ್ತು ಬ್ರಷ್‌ಗೆ ಬಹುಪಾಲು ಹೋಗುತ್ತದೆ.

ಪಾಚಿ ಮತ್ತು ಕಲ್ಲುಹೂವು: ಹಸಿರು, ಕಪ್ಪು, ಬೂದು ಬಣ್ಣದ ತೇಪೆಗಳು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ ಇದು. ಪಾಚಿ ಮತ್ತು ಶಿಲೀಂಧ್ರ ಒಟ್ಟಿಗೆ ಬಾಳುವ ಜೀವಿ. ಇದರ ಎಳೆಗಳು ಕಲ್ಲಿನ ಒಳಗೂ ಇಳಿದಿರುತ್ತವೆ. ಒಣಗಿದಾಗ ಕೆರೆದರೆ ಕಲ್ಲಿನ ಕಣಗಳೂ ಕಿತ್ತು ಬರುತ್ತವೆ. ಚೆನ್ನಾಗಿ ನೆನೆಸಿ, ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಬೇಕು.

ಬಿಳಿ ಉಪ್ಪು: ಗೋಡೆಯ ಬುಡದಲ್ಲಿ ಬಿಳಿ ಪುಡಿಯಂತೆ ಕಾಣುತ್ತದೆ. ಇದು ಹೊರಗಿನಿಂದ ಬಂದ ಕೊಳೆಯಲ್ಲ. ಗೋಡೆಯೊಳಗಿನ ತೇವ ಉಪ್ಪನ್ನು ಹೊತ್ತುತಂದು ಹೊರಗೆ ಬಿಟ್ಟಿದೆ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ತೇವ ಎಲ್ಲಿಂದ ಬರುತ್ತಿದೆ, ಸೋರುವ ಪೈಪೋ, ಬುಡದಲ್ಲಿ ನಿಲ್ಲುವ ಮಳೆನೀರೋ ಎಂದು ಹುಡುಕಿ ಅದನ್ನು ನಿಲ್ಲಿಸಿ.

ಎಣ್ಣೆ ಕಲೆ: ದೀಪದ ಎಣ್ಣೆ, ಗಾಡಿಯ ಆಯಿಲ್ ಕಲ್ಲಿನೊಳಗೆ ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಕಲೆಯನ್ನು ಹೀರುವ ಜೇಡಿಯ ಲೇಪ ಹಾಕಿ ಒಣಗಲು ಬಿಡುವುದು ಇದಕ್ಕಿರುವ ಉಪಾಯ. ತಾಜ್‌ಮಹಲಿನ ಹಳದಿಗಟ್ಟಿದ ಅಮೃತಶಿಲೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಬಳಸಿದ್ದೂ ಮುಲ್ತಾನಿ ಮಿಟ್ಟಿಯ ಲೇಪವನ್ನೇ.

ಯಾವ ಕ್ರಮದಲ್ಲಿ ತೊಳೆಯಬೇಕು?

ಒಂದೇ ಸೂತ್ರ: ಅತಿ ಮೆದುವಾದ ವಿಧಾನದಿಂದ ಶುರುಮಾಡಿ, ಸಾಕಾದ ಕಡೆ ನಿಲ್ಲಿಸಿ.

1. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ನಾರಿನ ಅಥವಾ ನೈಲಾನ್ ಬ್ರಷ್ ಇರಲಿ. ತಂತಿ ಬ್ರಷ್ ಬೇಡ, ಅದು ಗೀಚುತ್ತದೆ. ಉದುರಿದ ಕಬ್ಬಿಣದ ಕಣಗಳು ತುಕ್ಕು ಹಿಡಿದು ಹೊಸ ಕಲೆ ಆಗುತ್ತದೆ.
2. ಸಾದಾ ನೀರಿನಿಂದ ನೆನೆಸಿ, ಕೊಳೆ ಮೆತ್ತಗಾಗಲು ಸಮಯ ಕೊಟ್ಟು ಉಜ್ಜಿ. ಬಹಳಷ್ಟು ಗೋಡೆಗಳಿಗೆ ಇಷ್ಟೇ ಸಾಕು.
3. ಸಾಲದಿದ್ದರೆ ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಕೆಲವೇ ಹನಿ ಹಾಕಿ. ಬಟ್ಟೆ ಸೋಪಿನ ಪುಡಿ, ಸೋಡಾ ಬೇಡ. ಅವುಗಳ ಉಪ್ಪು ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ.
4. ಸೋಪಿನ ನೀರನ್ನು ಗೋಡೆಯ ಕೆಳಗಿನಿಂದ ಮೇಲಕ್ಕೆ ಹಚ್ಚಿ. ಮೇಲಿನಿಂದ ಹಚ್ಚಿದರೆ ಒಣ ಕಲ್ಲಿನ ಮೇಲೆ ಇಳಿದ ನೀರು ಗೆರೆ ಬಿಡುತ್ತದೆ. ಕೊನೆಗೆ ಮೇಲಿನಿಂದ ಕೆಳಕ್ಕೆ ಚೆನ್ನಾಗಿ ತೊಳೆಯಿರಿ.

ಯಾವುದೇ ದ್ರಾವಣವನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಅಂಗೈ ಅಗಲದಷ್ಟು ಜಾಗಕ್ಕೆ ಹಾಕಿ. ಪೂರ್ತಿ ಒಣಗಿದ ಮೇಲೆ ನೋಡಿ. ಒದ್ದೆ ಕಲ್ಲು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ! ಮಳೆಗಾಲ ಮುಗಿದ ಮೇಲಿನ ಒಣ ದಿನಗಳು ಈ ಕೆಲಸಕ್ಕೆ ಒಳ್ಳೆಯವು.

ಪ್ರೆಶರ್ ವಾಷರ್ ಮತ್ತು ಮರಳು ಹೊಡೆಯುವುದು

ಕಾರು ತೊಳೆಯುವ ಪ್ರೆಶರ್ ವಾಷರ್‌ಗಳು ಸಾಮಾನ್ಯವಾಗಿ ಸಾವಿರ ಪಿಎಸ್ಐಗಿಂತ ಹೆಚ್ಚು ಒತ್ತಡದಲ್ಲಿ ನೀರು ಚಿಮ್ಮುತ್ತವೆ. ಹಳೆಯ ಕಟ್ಟಡಗಳ ಬಗ್ಗೆ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ಕೊಡುವ ಸಲಹೆ ಹೀಗಿದೆ: 100 ಪಿಎಸ್ಐ ಅಥವಾ ಅದಕ್ಕಿಂತ ಕಡಿಮೆಯಿಂದ ಆರಂಭಿಸಿ, ಬೇಕಾದರೆ ಮಾತ್ರ ನಿಧಾನವಾಗಿ ಹೆಚ್ಚಿಸಿ, 300–400 ದಾಟಬೇಡಿ. ಮುರಕಲ್ಲು, ಮರಳುಗಲ್ಲಿಗೆ ಪ್ರೆಶರ್ ವಾಷರ್ ಹಿಡಿದರೆ ಮೈ ಕಿತ್ತುಬರುತ್ತದೆ, ಸಂದುಗಳಿಂದ ನೀರು ಗೋಡೆಯೊಳಗೆ ನುಗ್ಗುತ್ತದೆ.

ಮರಳು ಹೊಡೆಸುವುದಂತೂ ಕಲ್ಲನ್ನು ತೇಯುವ ಕೆಲಸ. ಅದರಲ್ಲಿ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಈ ಕಾಯಿಲೆಗೆ ಗುಣಪಡಿಸುವ ಔಷಧಿ ಇಲ್ಲ. ಗೋಡೆ ನಮ್ಮದಾದರೂ ಉಸಿರು ಆ ಕೆಲಸಗಾರನದು ಎನ್ನುವುದನ್ನು ಮರೆಯಬಾರದು.

ಜೀವಕ್ಕೇ ಅಪಾಯ: ಆ್ಯಸಿಡ್ ಜೊತೆ ಬ್ಲೀಚ್

ಕೆಲವು ಸಂದೇಶಗಳು ‘ಆ್ಯಸಿಡ್ ಜೊತೆ ಸ್ವಲ್ಪ ಬ್ಲೀಚಿಂಗ್ ಪೌಡರ್ ಬೆರೆಸಿ’ ಎನ್ನುತ್ತವೆ. ಖಂಡಿತ ಮಾಡಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಇದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಹೊರಗಡೆ ತಾನೇ ಎಂಬ ಧೈರ್ಯ ಬೇಡ, ಗೋಡೆ ಬುಡದಲ್ಲಿ ಬಗ್ಗಿ ಉಜ್ಜುವವರ ಮೂಗು ಅಲ್ಲೇ ಇರುತ್ತದೆ. ಕಣ್ಣುರಿ, ಕೆಮ್ಮು, ಉಸಿರುಕಟ್ಟುವಿಕೆ ಆದರೆ ಕೂಡಲೇ ದೂರ ಹೋಗಿ, ಆಸ್ಪತ್ರೆಗೆ ಹೋಗಿ.

ಊರಿನ ವೀರಗಲ್ಲು, ಶಾಸನ, ಗುಡಿ

ಹಬ್ಬ, ಜಾತ್ರೆಗೆ ಮುನ್ನ ಊರ ಯುವಕರು ಸೇರಿ ಗುಡಿ ತೊಳೆಯುವುದು ಒಳ್ಳೆಯ ಮನಸ್ಸಿನ ಕೆಲಸ. ಆದರೆ ಶಾಸನದ ಅಕ್ಷರಗಳು ಕಲ್ಲಿನ ಮೇಲ್ಮೈಯಲ್ಲೇ ಇವೆ. ಮೇಲ್ಪದರ ಹೋದರೆ ಅಕ್ಷರವೂ ಹೋಯಿತು. ನೂರಾರು ವರ್ಷದ ಮಳೆ ಬಿಸಿಲು ಅಳಿಸದ್ದನ್ನು ಒಂದು ಬಾಟಲಿ ಆ್ಯಸಿಡ್, ಒಂದು ತಂತಿ ಬ್ರಷ್ ಒಂದೇ ಮಧ್ಯಾಹ್ನದಲ್ಲಿ ಅಳಿಸಬಹುದು. ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಇಂಥ ಕಲ್ಲುಗಳನ್ನು ಮುಟ್ಟುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ.

ಕೊನೆಯ ಮಾತು

ಆ್ಯಸಿಡ್‌ನಿಂದ ಕಲ್ಲಿನ ಗೋಡೆ ಹೊಸದಾಗುತ್ತದೆ ಎನ್ನುವುದು ತಪ್ಪು. ಆ್ಯಸಿಡ್ ಕಲ್ಲನ್ನು ಅಥವಾ ಅದರ ಸಂದನ್ನು ತಿನ್ನುತ್ತದೆ. ಕಲ್ಲು ಯಾವುದು, ಕೊಳೆ ಯಾವುದು ಎಂದು ತಿಳಿದು, ನೀರು ಮತ್ತು ಮೆದು ಬ್ರಷ್‌ನಿಂದ ಶುರುಮಾಡಿ. ಸ್ವಲ್ಪ ಕಲೆ ಉಳಿದರೆ ಉಳಿಯಲಿ. ಅದು ಕಲ್ಲಿನ ವಯಸ್ಸು, ರೋಗವಲ್ಲ. ಆ ನೊರೆಯ ವಿಡಿಯೋ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಈ ಲೇಖನವನ್ನು ಹಾಕಿ.