ಬಿಟ್ಟುಕೊಡುವುದನ್ನು ಅರಿತ ದಂಡನಾಯಕ

ಕ್ರಿ.ಶ. 270ರಲ್ಲಿ ಸೈನ್ಯವು ಔರೇಲಿಯನ್‌ನನ್ನು ಚಕ್ರವರ್ತಿಯೆಂದು ಸಾರಿದಾಗ ರೋಮ್ ಸಾಮ್ರಾಜ್ಯ ಮೂರು ಹೋಳಾಗಿತ್ತು. ಗಾಲ್ ಪ್ರಾಂತ ಬೇರೆ ದೊರೆಯ ಕೈಯಲ್ಲಿತ್ತು. ಪೂರ್ವದಲ್ಲಿ ಪಾಲ್ಮೈರಾದ ರಾಣಿ ಜೆನೋಬಿಯಾ ಈಜಿಪ್ಟನ್ನೂ ನುಂಗುತ್ತಿದ್ದಳು. 274ರ ಹೊತ್ತಿಗೆ ಎರಡೂ ಮರಳಿ ರೋಮಿನ ವಶವಾದವು. ಹೊಗಳಿಕೆಯೆಲ್ಲ ಈ ಗೆಲುವುಗಳಿಗೇ ಸಲ್ಲುತ್ತದೆ. ಆದರೆ ಅವನ ನಿಜವಾದ ಹಿರಿಮೆ ಕಾಣುವುದು ಅವನು ಕೈಬಿಟ್ಟದ್ದರಲ್ಲಿ. ಚಕ್ರವರ್ತಿ ಟ್ರಾಜನ್ 106ರಲ್ಲಿ ಗೆದ್ದಿದ್ದ ಡೇಸಿಯಾ ಪ್ರಾಂತದಿಂದ ಸೈನ್ಯವನ್ನು ಹಿಂತೆಗೆದು, ಡಾನ್ಯೂಬ್ ನದಿಯನ್ನೇ ಗಡಿ ಮಾಡಿದ. ರೋಮ್ ನಗರದ ಸುತ್ತ ಸುಮಾರು 19 ಕಿಲೋಮೀಟರ್ ಕೋಟೆಗೋಡೆ ಎಬ್ಬಿಸಲು ತೊಡಗಿದ. ಆತುರ ಎಷ್ಟಿತ್ತೆಂದರೆ ಸೆಸ್ಟಿಯಸ್‌ನ ಪಿರಮಿಡ್ ಸಮಾಧಿಯೂ ಗೋಡೆಯೊಳಗೆ ಸೇರಿಹೋಯಿತು.

ಇದು ಅಂಜುಬುರುಕತನವೆಂದು ಆಕ್ಷೇಪಿಸಬಹುದು. ಲೋಕವಾಳುವ ನಗರಕ್ಕೆ ಗೋಡೆಯೇಕೆ? ಆದರೆ 271ರಲ್ಲಿ ಜರ್ಮನ್ ಪಡೆಗಳು ಇಟಲಿಯೊಳಕ್ಕೇ ನುಗ್ಗಿ, ಪ್ಲಾಸೆಂಟಿಯಾದ ಬಳಿ ಅವನನ್ನೇ ಸೋಲಿಸಿದ್ದವು. ದೂರದ ಪ್ರಾಂತವೊಂದಕ್ಕೆ ಸೈನ್ಯ ಸುರಿಯುವುದು ಆಗ ಒಣಜಂಭವಾಗುತ್ತಿತ್ತು. ಗಡಿ ಕಿರಿದಾದದ್ದರಿಂದಲೇ ಉಳಿದದ್ದನ್ನು ಕಾಯಲು ಆಳುಗಳು ಸಿಕ್ಕರು. ಅವನ ಕಾಠಿಣ್ಯ ಮಾತ್ರ ಅವನಿಗೇ ಮುಳುವಾಯಿತು: ಶಿಕ್ಷೆಗೆ ಹೆದರಿದ ಕಾರ್ಯದರ್ಶಿಯೊಬ್ಬ ಮರಣದಂಡನೆಗೆ ಗುರಿಯಾದವರ ಸುಳ್ಳುಪಟ್ಟಿ ತೋರಿಸಿದನೆಂದೂ, ಅದನ್ನು ನಂಬಿದ ಅಧಿಕಾರಿಗಳು 275ರಲ್ಲಿ ಥ್ರೇಸ್‌ನಲ್ಲಿ ಅವನನ್ನು ಕೊಂದರೆಂದೂ ಹಳೆಯ ಚರಿತ್ರಕಾರರು ಹೇಳುತ್ತಾರೆ. ಗೋಡೆಯ ಕೆಲಸ ಮುಗಿದದ್ದು ಮುಂದೆ ಚಕ್ರವರ್ತಿ ಪ್ರೋಬಸ್‌ನ ಕಾಲದಲ್ಲಿ.