ಕೆರೆಯ ಬಂಡಿ

ಶಕವರ್ಷ 1291ರಲ್ಲಿ, ಎಂದರೆ ಕ್ರಿಸ್ತಶಕ 1369ರಲ್ಲಿ, ವಿಜಯನಗರದ ಬುಕ್ಕರಾಯನ ಕುಮಾರನಾದ ಭಾಸ್ಕರ ಭವದೂರನು ಕಡಪಾ ಸೀಮೆಯ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನವು, ದಿನವೊಂದಕ್ಕೆ 1,000 ಆಳುಗಳೂ 100 ಬಂಡಿಗಳೂ ಎರಡು ವರ್ಷಕಾಲ ದುಡಿದುದನ್ನು ಹೇಳುವುದಲ್ಲದೆ, ಕೆರೆಗೆ ಬೇಕಾದ 12 ಅಂಗಗಳನ್ನೂ ಅದಕ್ಕೆ ತಗಲುವ 6 ದೋಷಗಳನ್ನೂ ಸಂಸ್ಕೃತದಲ್ಲಿ ಎಣಿಸಿಕೊಡುತ್ತದೆ. ಏರಿಯಲ್ಲಿ ನೀರು ಒಸರುವುದು, ನೆಲ ಚೌಳಾಗಿರುವುದು, ನೀರು ಅಲ್ಪವಾಗಿ ಬಯಲು ವಿಸ್ತಾರವಾಗಿರುವುದು, ಇವು ದೋಷಗಳೆಂದು ಯಾವ ಒಕ್ಕಲಿಗನಾದರೂ ಬಲ್ಲನು. ಆದರೆ ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದೂ ಒಂದು ದೋಷವೆಂದು ಬರೆಸಿದವನ ಲೋಕಾನುಭವವನ್ನು, ನದೀಜಲಕ್ಕಾಗಿ ನ್ಯಾಯಾಸನದ ಮುಂದೆ ನಿಲ್ಲುವ ನಾವು ಮೆಚ್ಚಲೇಬೇಕು.

ಆ ಪಟ್ಟಿಯಲ್ಲಿ ಹೂಳಿನ ಮಾತಿಲ್ಲ. ಕಟ್ಟುವವನ ಚಿಂತೆ ಬೇರೆ, ಕಾಯುವವರ ಚಿಂತೆ ಬೇರೆ. ಕಾಯುವವರ ಚಿಂತೆಯನ್ನು ಅರಿಯಬೇಕಾದರೆ ಕನ್ನಡ ನಾಡಿನ ಏರಿಗಳ ಬಳಿ, ಗುಡಿಗಳ ಅಂಗಳದಲ್ಲಿ ಅರ್ಧ ಹೂತುಹೋಗಿರುವ ಸಣ್ಣ ಕಲ್ಲುಗಳನ್ನು ಓದಬೇಕು. ಅಲ್ಲಿ ಮತ್ತೆ ಮತ್ತೆ ಕಾಣುವ ಶಬ್ದ ‘ಬಿತ್ತುವಟ್ಟ’: ಕೆರೆಯ ಕೆಳಗಿನ ಭೂಮಿಯನ್ನೋ ಅದರ ಬೆಳೆಯ ಒಂದು ಪಾಲನ್ನೋ ಅದೇ ಕೆರೆಯ ಜೀರ್ಣೋದ್ಧಾರಕ್ಕೆಂದು ಬಿಟ್ಟ ದತ್ತಿ. ಇಂಥ ದತ್ತಿಯಿಂದ ಕೆಲವೆಡೆ ಕೆರೆಗೆಂದೇ ಒಂದು ಬಂಡಿಯನ್ನು ಇರಿಸಿ, ಅದನ್ನು ಎಳೆಯುವ ಜೀವಗಳಿಗೂ ಹೊಡೆಯುವ ಆಳಿಗೂ ಗ್ರಾಸವನ್ನು ನಿಯಮಿಸಿದ್ದರು. ನೀರು ಇಳಿದ ಬೇಸಗೆಯಲ್ಲಿ ಆ ಬಂಡಿ ಗೋಡು ಹೊರುತ್ತಿತ್ತು. ಕೆರೆಗೆ ಶತ್ರುವಾದ ಗೋಡೇ ಗದ್ದೆಗೆ ಗೊಬ್ಬರವಾಗುತ್ತಿತ್ತು. ತೂಬು ತೆಗೆದು ಮುಚ್ಚುವ ನೀರುಗಂಟಿಗೆ ಸಂಬಳವೆಂಬುದು ಇರಲಿಲ್ಲ. ಕಣದಲ್ಲಿ ರಾಶಿಯಾದಾಗ ಅವನ ಪಾಲು ಸಲ್ಲುತ್ತಿತ್ತಾದುದರಿಂದ, ಕೊನೆಯ ಗದ್ದೆ ಒಣಗಿದರೆ ಅವನ ಮಡಕೆಗೂ ಅಷ್ಟು ಕೊರತೆಯೇ.

ಈ ಕ್ರಮದ ಫಲವಾಗಿ ಹಳೆಯ ಮೈಸೂರಿನಲ್ಲಿ 30,000ಕ್ಕೂ ಮಿಕ್ಕ ಕೆರೆಗಳು ಕೋಡಿಯಿಂದ ಕೋಡಿಗೆ ಸರಪಣಿಯಂತೆ ಹೆಣೆದುಕೊಂಡಿದ್ದವು. ಹೊಸ ಕೆರೆಗೆ ತಾವು ಹುಡುಕುವುದಕ್ಕೇ ಜಾಣ್ಮೆ ಬೇಕು, ಕಟ್ಟಿದರೂ ಕೆಳಗಿನ ಕೆರೆಯ ನೀರು ತಪ್ಪೀತು ಎಂಬರ್ಥದಲ್ಲಿ 1866ರಲ್ಲಿ ಇಲ್ಲಿನ ಎಂಜಿನಿಯರನಾಗಿದ್ದ ಸ್ಯಾಂಕಿಯು ಬರೆದನು.

ಆದರೆ ಆ ಶತಮಾನದಲ್ಲಿಯೇ ಕಂದಾಯವು ನಗದಾಗಿ, ಏರಿ ತೂಬುಗಳ ದುರಸ್ತಿಯು ಮರಾಮತ್ತಿನ ಕಾಗದಪತ್ರಗಳಿಗೆ ಸೇರಿತು. ಅಂದಾಜುಪಟ್ಟಿ ಮಂಜೂರಾಗುವವರೆಗೆ ಹೂಳು ಕಾಯುವುದಿಲ್ಲವಷ್ಟೆ. ಬೆಂಗಳೂರಿನ ಧರ್ಮಾಂಬುಧಿ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಹಳ್ಳಿಗಳಲ್ಲಿ ಉಳಿದ ಕೆರೆಗಳಿಗೆ ಈಗ ಬೇಸಗೆಯಲ್ಲಿ ಯಂತ್ರಗಳು ಬರುವುದುಂಟು. ಗೋಡು ಲಾರಿ ಏರಿ ಇಟ್ಟಿಗೆಯ ಗೂಡಿಗೆ ಹೋಗುತ್ತದೆ, ಅದೇ ದಾರಿಯಲ್ಲಿ ಪೇಟೆಯಿಂದ ಗದ್ದೆಗೆ ಗೊಬ್ಬರದ ಚೀಲಗಳು ಬರುತ್ತವೆ.