ಗರುಡೋಪಾಖ್ಯಾನವೂ ಚಿನ್ನದ ಗಣಿಯ ಚಲಚ್ಚಿತ್ರವೂ

ಕನ್ನಡದ ವಾಕ್ಚಿತ್ರವು ಪುರಾಣದ ಮಡಿಲಲ್ಲಿ ಹುಟ್ಟಿತೆಂಬುದು ಸುವಿದಿತ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’, ‘ಭಕ್ತ ಧ್ರುವ’ ಎರಡೂ ಪೌರಾಣಿಕಗಳೇ. ತರುವಾಯದ ಚಿತ್ರಗಳಲ್ಲಿ ಪುರಾಣವು ವಸ್ತುವಾಗಿ ಹಿಂದೆ ಸರಿದರೂ ಅಳಿಯಲಿಲ್ಲ. ಕಥೆಯ ಕಟ್ಟಿನೊಳಗೆ ಸೇರಿಕೊಂಡಿತು. ಇದಕ್ಕೆ ಪ್ರಶಾಂತ್ ನೀಲ್ ಅವರು ನಿರ್ದೇಶಿಸಿದ, 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಹೊರಬಂದ ‘ಕೆ.ಜಿ.ಎಫ್.’ ಸ್ಫುಟವಾದ ನಿದರ್ಶನ.

ಮಹಾಭಾರತದ ಆದಿಪರ್ವದಲ್ಲಿ ವಿನತೆಯು ಉಚ್ಚೈಃಶ್ರವಸ್ಸಿನ ಬಾಲದ ಬಣ್ಣವನ್ನು ಕುರಿತ ಪಣದಲ್ಲಿ ಸೋತು ಸವತಿಯಾದ ಕದ್ರುವಿಗೆ ದಾಸಿಯಾಗುತ್ತಾಳೆ. ಮಗನಾದ ಗರುಡನು ದೇವತೆಗಳ ಕಾವಲನ್ನು ಭೇದಿಸಿ, ಅಮೃತವನ್ನು ತಂದು, ತಾಯಿಯ ದಾಸ್ಯವನ್ನು ಬಿಡಿಸುತ್ತಾನೆ. ಚಿತ್ರದಲ್ಲಿಯೂ ನಾಯಕನನ್ನು ನಡೆಯಿಸುವುದು ತಾಯಿಗೆ ಕೊಟ್ಟ ಮಾತೇ. ಕಾವಲಿನೊಳಗೆ ಅಮೃತದ ಸ್ಥಾನದಲ್ಲಿ ಚಿನ್ನವಿದೆ. ದಾಸ್ಯದಲ್ಲಿ ನರಳುವ ಜನರಿದ್ದಾರೆ. ಆದರೆ ಗರುಡನೆಂಬ ಹೆಸರು ದಾಸ್ಯವನ್ನು ಹೇರುವವನಿಗೆ ಸಂದಿದೆ. ಗರುಡನ ಕಾರ್ಯವನ್ನು ಮಾಡುವವನು ಅವನನ್ನು ದೇವಿಯ ಮುಂದೆ ವಧಿಸುವ ರಾಕಿ. ಈ ವಿಪರ್ಯಾಸವು ಬುದ್ಧಿಪೂರ್ವಕವಾಗಿರಲಿ, ಇಲ್ಲದಿರಲಿ, ಕಥೆಯ ಗತಿಯನ್ನು ಪ್ರೇಕ್ಷಕನು ಮೊದಲೇ ಬಲ್ಲವನಾಗಿರುತ್ತಾನೆ. ವೃತ್ತಾಂತವನ್ನು ನಿರೂಪಿಸುವ ಮುದುಕ ಪತ್ರಕರ್ತನಂತೂ ಸೂತಪುರಾಣಿಕನ ವಂಶದವನೇ ಸರಿ! 1951ರಲ್ಲಿ ಚಿನ್ನವು ಗೋಚರಿಸಿದ ದಿನವೇ ನಾಯಕನು ಜನಿಸಿದನೆಂಬುದು ಅವತಾರಕಥೆಗಳ ರೀತಿ.

ಚರಿತ್ರೆಯ ರೀತಿ ಬೇರೆ. ಜಾನ್ ಟೇಲರ್ ಕಂಪನಿಯು ಇಲ್ಲಿ ಕೆಲಸವನ್ನಾರಂಭಿಸಿದ್ದು 1880ರ ಸುಮಾರಿಗೆ. ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಬಂದುದು 1902ರಲ್ಲಿ. ಚಿತ್ರದ ‘ನಾರಾಚಿ’ ಗಣಿಯು ಹೊರಜಗತ್ತಿಗೆ ಮುಚ್ಚಿದ ರಾಕ್ಷಸಪುರಿಯಂತಿದೆ. ನಿಜವಾದ ಗಣಿಗಳಿಗಾದರೋ ಆಗ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ 1894ರಲ್ಲಿಯೇ ರೈಲುಮಾರ್ಗವಾಗಿತ್ತು. ಗಣಿಗಿಳಿದವರಲ್ಲಿ ಉತ್ತರ ಆರ್ಕಾಟು ಮೊದಲಾದ ತಮಿಳು ಸೀಮೆಗಳಿಂದ ಬಂದ ದಲಿತ ಕುಟುಂಬಗಳವರು ಬಹುಮಂದಿ. ಅವರು ಉದ್ಧಾರಕನೊಬ್ಬನ ಆಗಮನವನ್ನು ಕಾಯುತ್ತ ಕುಳಿತವರಲ್ಲ: 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ತಾವೇ ಒಟ್ಟಾಗಿ ಕೆಲಸವನ್ನು ನಿಲ್ಲಿಸಿದರು, 1946ರಲ್ಲಿ ಮತ್ತೊಮ್ಮೆ ದೀರ್ಘಕಾಲ ಮುಷ್ಕರ ಹೂಡಿದರು. ಪುರಾಣದ ಕಟ್ಟಿನಲ್ಲಿ ಈ ಸಂಗತಿಗೆ ಎಡೆಯಿಲ್ಲ. ದಾಸ್ಯವನ್ನು ಬಿಡಿಸಲು ಅಲ್ಲಿ ಒಬ್ಬನೇ ಬೇಕು. ಉಳಿದವರು ಜಯಘೋಷಕ್ಕೆ ಮಾತ್ರ ಸಲ್ಲುತ್ತಾರೆ. ಪೌರಾಣಿಕ ಚಿತ್ರವು ಪುರಾಣವೆಂದು ಹೇಳಿಕೊಂಡೇ ಬರುತ್ತಿದ್ದುದರಿಂದ ಅದನ್ನು ಚರಿತ್ರೆಯೆಂದು ಭ್ರಮಿಸುವ ಭಯವಿರಲಿಲ್ಲ. ‘ಕೆ.ಜಿ.ಎಫ್.’ ನಿಜವಾದ ಊರಿನ ಹೆಸರನ್ನು ಹೊತ್ತು ಬಂದಿತು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಹುಟ್ಟಿದವರಲ್ಲಿ ಅನೇಕರಿಗೆ ಆ ಊರಿನ ಮೊದಲ ಪರಿಚಯವಾದುದು ಈ ಕಥೆಯಿಂದಲೇ.

ಚಿತ್ರದ ಗಣಿಯ ದೃಶ್ಯಗಳಿಗಾಗಿ ಅಲ್ಲಿಯ ಸೈನೈಡ್ ದಿಬ್ಬಗಳ ಮೇಲೆ ರಂಗಸಜ್ಜನ್ನು ಕಟ್ಟಲಾಗಿತ್ತು. ಅದಿರನ್ನು ಅರೆದು ಚಿನ್ನವನ್ನು ತೆಗೆದುಕೊಂಡ ಬಳಿಕ ಉಳಿದ ಹುಡಿಯ ರಾಶಿಗಳೇ ಆ ದಿಬ್ಬಗಳು. ಆ ಅದಿರನ್ನು ನೆಲದಾಳದಿಂದ ಅಗೆದು ತಂದವರು ಮುಷ್ಕರ ಹೂಡಿದ ಆ ಕಾರ್ಮಿಕರೂ ಅವರ ಮಕ್ಕಳೂ.